ಬಿಟ್‌ಕಾಯಿನ್ನಿನ ಕೀಲಿಕೈ

ಕಳೆದ ವರ್ಷ ಹಾಸ್ಟೆಲಿನ ಗೆಳೆಯನೊಬ್ಬನು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದು, ಅದರಲ್ಲಿ ಚಿತ್ರ ತೆಗೆದಿಟ್ಟಿದ್ದ ಹನ್ನೆರಡು ಇಂಗ್ಲಿಷ್ ಪದಗಳನ್ನು ತೋರಿಸಿ, "ನನ್ನ ಬಿಟ್‌ಕಾಯಿನ್ನೆಲ್ಲಾ ಇದರಲ್ಲಿ ಭದ್ರವಾಗಿದೆ" ಎಂದನು. "ಹಾಗಾದರೆ ಅದು ಈಗ ನನ್ನದೂ ಆಯಿತು ಕಣಯ್ಯ" ಎಂದೆನು. ಅವನು ನಕ್ಕನು. ಆದರೆ ನಾನು ಆಡಿದ್ದು ವಿನೋದದ ಮಾತಲ್ಲ. ಅದರ ಅರ್ಥವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬಿಟ್‌ಕಾಯಿನ್ನಿನ ತತ್ತ್ವವನ್ನು ಸತೋಶಿ ನಕಮೊಟೊ ಎಂಬ ಗುಪ್ತನಾಮದವರು 2008ರಲ್ಲಿ ಪ್ರಕಟಿಸಿದರು. 2009ರ ಜನವರಿಯಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ಈ ನಾಣ್ಯವು ಯಾರ ಜೇಬಿನಲ್ಲಿಯೂ ಇರುವುದಿಲ್ಲ. ಪ್ರಪಂಚದ ಸಾವಿರಾರು ಕಂಪ್ಯೂಟರುಗಳಲ್ಲಿ ಪ್ರತಿಯಾಗಿರುವ ಒಂದು ಲೆಕ್ಕದ ಪುಸ್ತಕದಲ್ಲಿ, ಯಾವ ವಿಳಾಸಕ್ಕೆ ಎಷ್ಟು ಸಂದಿದೆ ಎಂದು ಬರೆದಿರುತ್ತದೆ, ಅಷ್ಟೆ. ಅದನ್ನು ಬೇರೊಂದು ವಿಳಾಸಕ್ಕೆ ವರ್ಗಾಯಿಸಬೇಕಾದರೆ ಅಂಕಿತ ಹಾಕಬೇಕು. ಅಂಕಿತಕ್ಕೆ ಬೇಕಾದದ್ದು ಸಾಮಾನ್ಯವಾಗಿ 77 ಅಂಕಿಗಳಷ್ಟು ಉದ್ದವಾದ ಒಂದು ಗುಪ್ತ ಸಂಖ್ಯೆ. ಇದೇ ಖಾಸಗಿ ಕೀಲಿಕೈ. ವ್ಯಾಲೆಟ್ ಎಂಬುದರಲ್ಲಿ ಇರುವುದು ಹಣವಲ್ಲ, ಈ ಕೀಲಿಕೈ. ಬ್ಯಾಂಕಿನ ಪಾಸ್‌ಬುಕ್ಕು ಕಳೆದರೆ ಮ್ಯಾನೇಜರರನ್ನು ಕಂಡು ಬೇರೊಂದನ್ನು ಪಡೆಯಬಹುದು. ಇಲ್ಲಿ ಮ್ಯಾನೇಜರರೇ ಇಲ್ಲ. ಕೀಲಿಕೈ ಕಳೆದರೂ ಹಣ ಹೋಯಿತು, ಪರರ ಕೈಸೇರಿದರೂ ಹಣ ಹೋಯಿತು.

ಅದನ್ನು ಪರರ ವಶದಲ್ಲಿ ಬಿಡುವುದರ ಅಪಾಯವು 2014ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಟೋಕಿಯೋದ ಮೌಂಟ್ ಗಾಕ್ಸ್ ವಿನಿಮಯ ಕೇಂದ್ರವು ದಿವಾಳಿಯೆದ್ದಾಗ ಸುಮಾರು 8,50,000 ಬಿಟ್‌ಕಾಯಿನ್ ಕಾಣೆಯಾಗಿದ್ದುವು. ಅವುಗಳಲ್ಲಿ ಸುಮಾರು 2,00,000 ಮಾತ್ರ ಆಮೇಲೆ ಸಿಕ್ಕಿದುವು. ನಮ್ಮ ದೇಶದ ವಜೀರ್‌ಎಕ್ಸ್ ಕೇಂದ್ರದಿಂದಲೂ 2024ರ ಜುಲೈಯಲ್ಲಿ ಸುಮಾರು 23 ಕೋಟಿ ಡಾಲರು ಬೆಲೆಯ ನಾಣ್ಯಗಳು ಕಳುವಾದುವು.

ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಮುಖ್ಯವಾದದ್ದು 'ಕೋಲ್ಡ್ ಸ್ಟೋರೇಜ್', ಎಂದರೆ ಕೀಲಿಕೈಯನ್ನು ಅಂತರ್ಜಾಲದ ಸಂಪರ್ಕವಿಲ್ಲದ ಸಾಧನದಲ್ಲಿಯೇ ಹುಟ್ಟಿಸಿ ಅಲ್ಲಿಯೇ ಇಡುವುದು. ಮನೆಯ ಯಜಮಾನರು ಹೊರಗೆ ಬರದೆ, ಗುಮಾಸ್ತನು ತಂದ ಪತ್ರಕ್ಕೆ ಒಳಕೋಣೆಯಲ್ಲೇ ಮೊಹರೊತ್ತಿ ಹಿಂದಿರುಗಿಸುವುದನ್ನು ಊಹಿಸಿಕೊಳ್ಳಿ. ಪತ್ರ ಹೊರಗೆ ಬರುತ್ತದೆ, ಮೊಹರು ಬರುವುದಿಲ್ಲ. ಹಾಗೆಯೇ ಸಂಪರ್ಕವುಳ್ಳ ಕಂಪ್ಯೂಟರು ವರ್ಗಾವಣೆಯ ಪತ್ರವನ್ನು ಸಿದ್ಧಪಡಿಸುತ್ತದೆ, ಸಾಧನವು ತನ್ನೊಳಗೇ ಅಂಕಿತ ಹಾಕಿ ಕೊಡುತ್ತದೆ. ಆ ಅಂಕಿತವನ್ನು ನೋಡಿ ಕೀಲಿಕೈಯನ್ನು ಲೆಕ್ಕಹಾಕಿ ತಿಳಿಯುವುದು ಸಾಧ್ಯವಿಲ್ಲ.

ಸಾಧನವೇ ಕೆಟ್ಟರೆ ಗತಿಯೇನು? ಇದಕ್ಕಾಗಿಯೇ ಆ ಪದಗಳು. 2013ರಲ್ಲಿ ರೂಪುಗೊಂಡ ಕ್ರಮದಂತೆ, 2048 ಪದಗಳ ಒಂದು ಪಟ್ಟಿಯಿಂದ 12 ಅಥವಾ 24 ಪದಗಳನ್ನು ಸಾಧನವು ಆರಿಸಿ ಕೊಡುತ್ತದೆ. ಅವುಗಳಿಂದ ಬೇರೆ ಸಾಧನದಲ್ಲಿಯೂ ಕೀಲಿಕೈಗಳನ್ನೆಲ್ಲಾ ಮತ್ತೆ ಪಡೆಯಬಹುದು. ಆದುದರಿಂದ ಆ ಪದಗಳನ್ನು ಬಲ್ಲವನೇ ಒಡೆಯ. ಅವುಗಳ ಚಿತ್ರವನ್ನು ಮೊಬೈಲಿನಲ್ಲಿಟ್ಟರೆ, ತಿಜೋರಿಗೆ ಬೀಗ ಹಾಕಿ ಕೀಲಿಕೈಯನ್ನು ಬಾಗಿಲಿಗೆ ತೂಗುಹಾಕಿದಂತೆ. ಅವುಗಳನ್ನು ಕೈಯಿಂದ ಕಾಗದದ ಮೇಲೆ ಬರೆದು, ಬೇರೆ ಬೇರೆ ಎರಡು ಸ್ಥಳಗಳಲ್ಲಿ ಇಡಬೇಕು. ಬೆಂಕಿಯ ಭಯವಿದ್ದರೆ ಉಕ್ಕಿನ ಫಲಕದಲ್ಲಿ ಕೆತ್ತಿಸದೆ ತಾನೇ ಕೊರೆಯಬೇಕು. ಹಣವಿಡುವ ಮೊದಲೇ ಆ ಪದಗಳಿಂದ ಕೀಲಿಕೈ ಮರಳಿ ಬರುವುದೇ ಎಂದು ಪರೀಕ್ಷಿಸಬೇಕು. ಪದಗಳನ್ನು ಮೊದಲೇ ಬರೆದು ಕೊಟ್ಟಿರುವ ಸಾಧನವನ್ನು ಮುಟ್ಟಲೇಬಾರದು. ಅವು ಎಲ್ಲಿವೆ ಎಂಬುದು ಮನೆಯಲ್ಲಿ ನಂಬಿಕೆಯ ಒಬ್ಬರಿಗಾದರೂ ತಿಳಿದಿರಬೇಕು.

ಇಷ್ಟಾದರೂ ಎಚ್ಚರ ತಪ್ಪುವಂತಿಲ್ಲ. 2025ರ ಫೆಬ್ರವರಿಯಲ್ಲಿ ಬೈಬಿಟ್ ಕೇಂದ್ರದ ಕೋಲ್ಡ್ ವ್ಯಾಲೆಟ್ಟಿನಿಂದಲೇ ಸುಮಾರು 150 ಕೋಟಿ ಡಾಲರು ಬೆಲೆಯ ಈಥರ್ ಕಳುವಾಯಿತು. ಯಾರೂ ಕೀಲಿಕೈಯನ್ನು ಕದಿಯಲಿಲ್ಲ. ಅಂಕಿತ ಹಾಕುವವರ ಪರದೆಯ ಮೇಲೆ ಸುಳ್ಳು ಪತ್ರವನ್ನು ತೋರಿಸಿದರು, ಅವರು ಒಪ್ಪಿದರು. ಓದದೆ ಒತ್ತಿದ ಮೊಹರನ್ನು ಯಾವ ಒಳಕೋಣೆಯೂ ಕಾಯಲಾರದು.

ನನ್ನ ಗೆಳೆಯನು ಆ ಚಿತ್ರವನ್ನು ಕೂಡಲೇ ಅಳಿಸಲು ಹೊರಟನು. ಅಷ್ಟು ಸಾಲದೆಂದು ಹೇಳಿದೆನು. ಒಮ್ಮೆ ಬೇರೆ ಕಣ್ಣಿಗೆ ಬಿದ್ದ ಪದಗಳು ಮತ್ತೆ ಗುಪ್ತವಾಗುವುದಿಲ್ಲ. ಆ ರಾತ್ರಿಯೇ ಅವನು ಹೊಸ ಪದಗಳನ್ನು ಪಡೆದು, ಕಾಗದದ ಮೇಲೆ ಬರೆದು, ನಾಣ್ಯವನ್ನೆಲ್ಲಾ ಹೊಸ ವಿಳಾಸಕ್ಕೆ ವರ್ಗಾಯಿಸಿದನು. ಬರೆಯುವಾಗ ನನ್ನನ್ನು ಕೋಣೆಯಿಂದ ಹೊರಗೆ ಕಳುಹಿಸಿದನು. ಪಾಠ ತಲೆಗೆ ಹತ್ತಿತೆಂದು ನನಗೆ ಸಂತೋಷವಾಯಿತು.

ಇಂಥ ನಾಣ್ಯವನ್ನು ಕೊಳ್ಳಬೇಕೆ ಬೇಡವೆ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರಿಗೆ ಬಿಟ್ಟಿದ್ದೇನೆ.