ಗೋಲ್ಡ್‌ಫಿಶ್ ಮೈಮೇಲೆ ಗಂಟೇ? ಮೊದಲು ನೋಡಿ, ಆಮೇಲೆ ಮದ್ದು

ಎಲೆ ಮೇಲೆ ಚುಕ್ಕೆ ಕಂಡರೆ ಅದು ರೋಗವೋ, ಹುಳವೋ, ಗೊಬ್ಬರದ ಕೊರತೆಯೋ ಅಂತ ನೋಡದೆ ಪಂಪು ಹೆಗಲಿಗೇರಿಸಿದರೆ ದುಡ್ಡೂ ಹೋಗುತ್ತೆ, ಬೆಳೆಯೂ ಹೋಗುತ್ತೆ. ಮೀನಿಗೂ ಇದೇ ಮಾತು. ಮಕ್ಕಳ ಆಸೆಗೆ ಗಾಜಿನ ತೊಟ್ಟಿಯಲ್ಲಿ, ಸೊಳ್ಳೆ ಮರಿ ತಿನ್ನಲಿ ಅಂತ ಸಿಮೆಂಟ್ ತೊಟ್ಟಿಯಲ್ಲಿ ಗೋಲ್ಡ್‌ಫಿಶ್ ಬಿಟ್ಟವರು ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಅದು ಕಾಟ್ಲಾ, ರೋಹುಗಳ ಬಳಗದ್ದೇ ಮೀನು. ಅದಕ್ಕೆ ಹತ್ತಿದ ಹುಳ ಕೃಷಿ ಹೊಂಡದ ಮೀನಿಗೂ ಹತ್ತುತ್ತೆ. ಹಾಗಾಗಿ ಗುರುತು ಹಿಡಿಯಲು ಕಲಿತಿರಬೇಕು.

ಮೀನನ್ನು ಬೆಳಕಿನಲ್ಲಿ ಇಟ್ಟುಕೊಂಡು ನಾಲ್ಕು ಸಂಗತಿ ನೋಡಿ: ಗುಳ್ಳೆ ಎಲ್ಲಿದೆ, ಎಷ್ಟಿವೆ, ಅದು ಹರಿದಾಡುತ್ತಾ, ಮೀನು ಗೋಡೆಗೆ ಮೈ ಉಜ್ಜುತ್ತಾ.

ರೋಗವೇ ಅಲ್ಲದ್ದು

ಕಿವಿರಿನ ಮುಚ್ಚಳದ ಮೇಲೆ, ಎದೆಯ ಈಜುರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ಬಿಳಿ ಚುಕ್ಕಿ ಸಾಲಾಗಿ ಎದ್ದಿದ್ದರೆ ಅದು ಗಂಡು ಮೀನು, ಬೆದೆಗೆ ಬಂದಿದೆ ಅಷ್ಟೆ. ಮುಟ್ಟಿದರೆ ತರಿತರಿ. ಕಾಲ ಕಳೆದ ಮೇಲೆ ತಾನೇ ಹೋಗುತ್ತೆ. ಒರಾಂಡಾ, ಲಯನ್‌ಹೆಡ್ ತಳಿಗಳ ತಲೆ ಮೇಲಿನ ದೊಗರು ದೊಗರಾದ ಮಾಂಸದ ಟೋಪಿ ಹುಟ್ಟುಗುಣ. ಎರಡಕ್ಕೂ ಮದ್ದು ಬೇಡ.

ಬಿಳಿ ಚುಕ್ಕೆ ರೋಗ

ಮೈ, ಬಾಲ, ರೆಕ್ಕೆ ಎಲ್ಲಾ ಕಡೆ ರವೆ ಎರಚಿದ ಹಾಗೆ ಚುಕ್ಕೆ, ಜೊತೆಗೆ ಮೀನು ಮೈ ಉಜ್ಜುತ್ತಿದ್ದರೆ ಇದು ರೋಗ. ಇದು ಕಣ್ಣಿಗೆ ಕಾಣದ ಜೀವಿಯ ಕೆಲಸ. ಚರ್ಮದ ಒಳಗಿರುವಾಗ ಅದಕ್ಕೆ ಯಾವ ಮದ್ದೂ ತಾಗಲ್ಲ. ಕಳಚಿ ತಳಕ್ಕೆ ಬಿದ್ದು, ಒಂದು ನೂರಾರಾಗಿ ಒಡೆದು, ಮರಿಗಳು ಈಜುತ್ತಾ ಬರುವಾಗ ಮಾತ್ರ ಸಾಯುತ್ತವೆ. ಚುಕ್ಕೆ ಮಾಯವಾಯಿತು ಅಂತ ಮೂರನೇ ದಿನಕ್ಕೆ ಮದ್ದು ನಿಲ್ಲಿಸಿದರೆ ಮತ್ತೆ ಬರುವುದು ಇದಕ್ಕೇ.

ಹರಳುಪ್ಪು ಒಳ್ಳೆಯ ಮದ್ದು. 10 ಲೀಟರ್ ನೀರಿಗೆ 30 ಗ್ರಾಂ. ಒಂದೇ ಸಲ ಸುರಿಯದೆ ಕರಗಿಸಿ, ಮೂರು ಪಾಲು ಮಾಡಿ, ಅರ್ಧ ಅರ್ಧ ದಿನ ಬಿಟ್ಟು ಹಾಕಿ. ಎರಡು ವಾರ ಬಿಡಬೇಡಿ. ನೀರು ಬದಲಿಸಿದಾಗ ತೆಗೆದಷ್ಟು ನೀರಿಗೆ ಮಾತ್ರ ಉಪ್ಪು ಕೂಡಿಸಿ. ತೊಟ್ಟಿಯಲ್ಲಿ ಗಿಡವಿದ್ದರೆ ಮೊದಲೇ ತೆಗೆದಿಡಿ.

ಲಂಗರು ಹುಳು, ಮೀನು ಹೇನು

ಮೈಯಿಂದ ದಾರದ ತುಂಡು ಹೊರಬಂದು ಜೋತಾಡುತ್ತಿದೆ, ತುದಿಯಲ್ಲಿ ಕವಲಿದೆ, ಬುಡ ಕೆಂಪಾಗಿದೆ ಅಂದರೆ ಲಂಗರು ಹುಳು. ಹೆಸರು ಹುಳು, ಜಾತಿ ಸೀಗಡಿ ಬಳಗದ್ದು. ಆ ಕವಲು ಮೊಟ್ಟೆಯ ಚೀಲ. ಒದ್ದೆ ಬಟ್ಟೆಯಲ್ಲಿ ಮೀನು ಹಿಡಿದು, ಚಿಮಟವನ್ನು ಚರ್ಮದ ಹತ್ತಿರ ಇಟ್ಟು ನಿಧಾನ ಎಳೆಯಬೇಕು. ನಡುವೆ ಹಿಡಿದರೆ ತಲೆ ಒಳಗೇ ಉಳಿಯುತ್ತೆ. ಗಾಯಕ್ಕೆ ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಮುಟ್ಟಿಸಿ. ಕಣ್ಣಿಗೆ, ಕಿವಿರಿಗೆ ತಾಗಬಾರದು.

ಚಪ್ಪಟೆ ಗುಂಡಗೆ, ಎಮ್ಮೆಗೆ ಉಣ್ಣೆ ಹತ್ತಿದ ಹಾಗೆ ಅಂಟಿದ್ದು, ಕೆಣಕಿದರೆ ಹರಿದಾಡಿದರೆ ಮೀನು ಹೇನು. ಇದನ್ನೂ ಚಿಮಟದಿಂದಲೇ ತೆಗೆಯಬಹುದು. ಇದು ಕಲ್ಲು, ಗೋಡೆಗೆ ಮೊಟ್ಟೆ ಅಂಟಿಸುತ್ತೆ. ಎರಡರಲ್ಲೂ ಮೀನಿನ ಮೈ ಮಾತ್ರ ಶುದ್ಧ ಮಾಡಿದರೆ ಸಾಲದು. ಮೀನನ್ನು ಬೇರೆ ನೀರಿಗೆ ಹಾಕಿ, ತೊಟ್ಟಿ ಬರಿದು ಮಾಡಿ, ತಿಕ್ಕಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ. ಒಂದು ತಿಂಗಳು ವಾರ ವಾರ ಮೀನು ನೋಡಿ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಅಂದಾಜಿನಲ್ಲಿ ಸುರಿಯುವುದು ಬೇಡವೇ ಬೇಡ. ಅದೇ ನೀರನ್ನು ದನ ಕುಡಿದೀತು!

ಮದ್ದು ಕೆಲಸ ಮಾಡದ ಗಂಟು

ಚಳಿಗಾಲದಲ್ಲಿ ಮೇಣ ತೊಟ್ಟಿಕ್ಕಿದ ಹಾಗೆ ನುಣುಪಾದ ಬಿಳಿ ಗಂಟು ಎದ್ದರೆ ಅದು ವೈರಸ್ಸಿನದು. ಮದ್ದಿಲ್ಲ, ನೀರು ಬೆಚ್ಚಗಾದಾಗ ಸಾಮಾನ್ಯವಾಗಿ ಇಳಿಯುತ್ತೆ. ಒಂದೇ ಕಡೆ ಗಟ್ಟಿ ಗಂಟು ತಿಂಗಳುಗಟ್ಟಲೆ ನಿಧಾನ ಬೆಳೆದರೆ ಗೆಡ್ಡೆ. ಮೀನು ಉಣ್ಣುತ್ತಾ ಈಜುತ್ತಾ ಇದ್ದರೆ ಹಾಗೇ ಬಿಡಿ. ಬಾಯಿಗೋ ಕಿವಿರಿಗೋ ಅಡ್ಡಬಂದರೆ ಪಶುವೈದ್ಯರ ಕೆಲಸ, ನಮ್ಮ ಬ್ಲೇಡಿನದಲ್ಲ. ಹೊಟ್ಟೆ ಊದಿ, ಹುರುಪೆಗಳೆಲ್ಲ ಸೀತಾಫಲದ ಸಿಪ್ಪೆಯಂತೆ ನಿಗುರಿದರೆ ಅದು ಒಳಗಿನ ರೋಗ, ಉಳಿಯುವುದು ಕಷ್ಟ.

ನೆನಪಿಡಬೇಕಾದ್ದು

* ಹೊಸ ಮೀನನ್ನು ಮೂರು ವಾರ ಬೇರೆ ಇಟ್ಟು ನೋಡಿ, ಆಮೇಲೆ ಸೇರಿಸಿ.
* ರೋಗದ ಮೀನನ್ನು ಪಾಪ ಅಂತ ಕೆರೆಗೆ, ಹೊಂಡಕ್ಕೆ ಬಿಡಬೇಡಿ. ಒಂದು ಲಂಗರು ಹುಳುವಿನ ಚೀಲದಲ್ಲಿ ನೂರಾರು ಮೊಟ್ಟೆ. ಅಲ್ಲಿ ಚಿಮಟ ಹಿಡಿದು ಎಷ್ಟು ಮೀನು ಹಿಡಿಯುತ್ತೀರಿ?
* ಉಪ್ಪುನೀರನ್ನು ಕರಿಬೇವಿನ ಬುಡಕ್ಕೆ ಚೆಲ್ಲಬೇಡಿ. ನೀರು ಕಡಿಮೆ ಅಂತ ಉಳಿಸಲು ಹೋದರೆ ಮಣ್ಣು ಕೆಡುತ್ತೆ.
* ಬಿಳಿ ಚುಕ್ಕೆಗೆ ಅಂಗಡಿಯಲ್ಲಿ ಕೊಡುವ ಔಷಧಿಯಲ್ಲಿ ಮಾಲಾಕೈಟ್ ಗ್ರೀನ್ ಇರುವುದುಂಟು. ತಿನ್ನುವ ಮೀನಿನ ನೀರಿಗೆ ಅದು ಬೀಳಲೇಬಾರದು.
* ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಕೊಳಕು ನೀರಿನಲ್ಲಿ ಯಾವ ಮದ್ದೂ ನಾಟದು.