ರೋಗಕ್ಕೇ ಲಂಘನ

ಆಸ್ಪರಾಗಸ್ ಎಂಬ ತರಕಾರಿಯು ನಮ್ಮ ಶತಾವರಿಯ ಕುಲಕ್ಕೆ ಸೇರಿದುದು. ಅದರ ರಸದಿಂದ 1806ರಲ್ಲಿ ವೋಕ್ಲೆನ್ ಮತ್ತು ರೋಬಿಕೆ ಎಂಬ ಫ್ರೆಂಚ್ ರಸಾಯನಜ್ಞರು ಹರಳೊಂದನ್ನು ಬೇರ್ಪಡಿಸಿದರು. ಅದೇ ಆಸ್ಪರಜಿನ್, ವಿಜ್ಞಾನಿಗಳ ಕೈಗೆ ಮೊತ್ತಮೊದಲು ದೊರೆತ ಅಮೈನೋ ಆಮ್ಲ.

ಈ ಅಣುವಿನ ಒಂದು ತುದಿಯಲ್ಲಿ, ಆಮ್ಲಜನಕವನ್ನು ಹೊತ್ತ ಇಂಗಾಲಕ್ಕೆ ಸಾರಜನಕವು ಅಂಟಿಕೊಂಡಿರುವುದನ್ನು ಕಾಣುತ್ತೇವೆ. ಇಂಥ ಜೋಡಣೆಯೇ ಅಮೈಡ್ ಬಂಧ. ಇದು ಬಲು ಬಿಗಿಯಾದುದು. ಪ್ರಯೋಗಶಾಲೆಯಲ್ಲಿ ಇದನ್ನು ಮುರಿಯಬೇಕಾದರೆ ಆಮ್ಲದೊಡನೆ ಕುದಿಸಬೇಕು. ಆದರೆ ಆಸ್ಪರಜಿನೇಸ್ ಎಂಬ ಕಿಣ್ವವು ದೇಹದ ಉಷ್ಣತೆಯಲ್ಲಿಯೇ ನೀರಿನ ಅಣುವೊಂದನ್ನು ಅಲ್ಲಿ ಸೇರಿಸಿ ಬಂಧವನ್ನು ಕಡಿಯುತ್ತದೆ. ಆಗ ಆಸ್ಪಾರ್ಟಿಕ್ ಆಮ್ಲವೂ ಅಮೋನಿಯವೂ ಉಂಟಾಗುತ್ತವೆ. ಹೀಗೆ ನೀರಿನ ನೆರವಿನಿಂದ ಒಡೆಯುವ ಕಿಣ್ವಗಳನ್ನು ಹೈಡ್ರೊಲೇಸುಗಳೆನ್ನುತ್ತೇವೆ.

1953ರಲ್ಲಿ ಅಮೆರಿಕದ ಜಾನ್ ಕಿಡ್ ಎಂಬಾತನು ಒಂದು ವಿಚಿತ್ರವನ್ನು ಕಂಡನು. ಲಿಂಫೋಮ ಎಂಬ ಅರ್ಬುದ ತಗುಲಿದ ಇಲಿಗಳಿಗೆ ಗಿನಿಪಿಗ್ಗಿನ ರಕ್ತದ ಸೀರಮ್ಮನ್ನು ಚುಚ್ಚಿದರೆ ಗಡ್ಡೆಗಳು ಕರಗುತ್ತಿದ್ದವು; ಕುದುರೆಯ ಅಥವಾ ಮೊಲದ ಸೀರಮ್ಮಿನಿಂದ ಏನೂ ಆಗುತ್ತಿರಲಿಲ್ಲ. ಗಿನಿಪಿಗ್ಗಿನ ರಕ್ತದಲ್ಲಿ ಆಸ್ಪರಜಿನೇಸ್ ಇದೆಯೆಂದು ಕ್ಲೆಮೆಂಟಿಯು 1922ರಲ್ಲಿಯೇ ತಿಳಿಸಿದ್ದನು. ಈ ಎರಡು ಎಳೆಗಳನ್ನು ಹೊಸೆದವನು ಬ್ರೂಮ್, ಅದೂ 1961ರಲ್ಲಿ! ಸಂಗತಿಗಳು ಅಕ್ಕಪಕ್ಕದಲ್ಲಿದ್ದೂ ದಶಕಗಟ್ಟಲೆ ಪರಸ್ಪರ ಅಪರಿಚಿತವಾಗಿರುವುದು ವಿಜ್ಞಾನದಲ್ಲಿ ಅಪರೂಪವೇನಲ್ಲ.

ಕಾರಣ ಹೀಗಿದೆ. ನಮ್ಮ ಆರೋಗ್ಯವಂತ ಜೀವಕಣಗಳು ತಮಗೆ ಬೇಕಾದ ಆಸ್ಪರಜಿನನ್ನು ತಾವೇ ತಯಾರಿಸಿಕೊಳ್ಳಬಲ್ಲವು. ಮಕ್ಕಳನ್ನು ಹೆಚ್ಚಾಗಿ ಕಾಡುವ ಒಂದು ಬಗೆಯ ರಕ್ತದ ಅರ್ಬುದದಲ್ಲಿ ಕೆಟ್ಟ ಕಣಗಳಿಗೆ ಈ ಸಾಮರ್ಥ್ಯ ತೀರ ಕಡಿಮೆ. ಅವು ರಕ್ತದಲ್ಲಿ ಹರಿಯುವ ಆಸ್ಪರಜಿನನ್ನೇ ನೆಚ್ಚಿರುತ್ತವೆ. ಕಿಣ್ವವು ಅದನ್ನು ಒಡೆದುಹಾಕಿದರೆ ಪ್ರೋಟೀನು ಕಟ್ಟಲು ಸಾಮಗ್ರಿಯಿಲ್ಲದೆ ಸಾಯುತ್ತವೆ. ಲಂಘನವೇ ಪರಮೌಷಧವೆಂಬ ಮಾತು ನಮ್ಮಲ್ಲಿ ಹಳೆಯದು. ಇಲ್ಲಿ ಲಂಘನ ರೋಗಿಗಲ್ಲ, ರೋಗಕ್ಕೆ.

ಔಷಧಕ್ಕೆ ಬೇಕಾಗುವಷ್ಟು ಸೀರಮ್ಮನ್ನು ಗಿನಿಪಿಗ್ಗುಗಳಿಂದ ಪಡೆಯುವುದೆಂತು? ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯದ ಕಿಣ್ವವೂ ಇದೇ ಗುಣವುಳ್ಳದ್ದೆಂದು 1964ರಲ್ಲಿ ಗೊತ್ತಾಯಿತು. ಇಂದಿಗೂ ಇತರ ಮದ್ದುಗಳ ಜೊತೆಯಲ್ಲಿ ಇದನ್ನು ಕೊಡುತ್ತಾರೆ. ಆದರೆ ಪರಕೀಯ ಪ್ರೋಟೀನಾದುದರಿಂದ ಕೆಲವರ ದೇಹವು ಇದನ್ನು ಪ್ರತಿಭಟಿಸುತ್ತದೆ. ಮೇದೋಜೀರಕ ಗ್ರಂಥಿಗೆ ಉರಿಯೂತವೂ ಬರಬಹುದು. ವೈದ್ಯರು ಎಚ್ಚರದಿಂದ ಕಾಯಬೇಕಾಗುತ್ತದೆ.

ಇದೇ ಕಿಣ್ವಕ್ಕೆ ಅಡಿಗೆಯ ಕಾರ್ಖಾನೆಯಲ್ಲಿಯೂ ಕೆಲಸವುಂಟು. ಆಲೂಗಡ್ಡೆಯನ್ನು ಕರಿಯುವಾಗ ಅದರ ಆಸ್ಪರಜಿನ್ ಸಕ್ಕರೆಯೊಡನೆ ಕೂಡಿ ಆಕ್ರಿಲಮೈಡ್ ಎಂಬ ಅನಿಷ್ಟ ವಸ್ತುವಾಗುತ್ತದೆ. ಮುಂಚೆಯೇ ಕಿಣ್ವವನ್ನು ಸೋಕಿಸಿದರೆ ಅದು ಬಹಳಮಟ್ಟಿಗೆ ತಗ್ಗುತ್ತದೆ.