ಕಂಪ್ಯೂಟರಿನಲ್ಲಿ ನಿಮ್ಮ ಕೇಸ್ ಶೀಟು



“ಸಿಸ್ಟರ್, ಚೀಟಿ ಮಾಡಿಸುವಲ್ಲಿ ಹೆಸರು ಹೇಳಿದ್ದಾಯಿತು, ರಕ್ತ ತೆಗೆಯುವಲ್ಲಿ ಹೇಳಿದ್ದಾಯಿತು. ಕಂಪ್ಯೂಟರಿನಲ್ಲಿ ಎಲ್ಲಾ ಇದೆಯಲ್ಲ, ಮತ್ತೆ ಯಾಕೆ ಕೇಳುತ್ತೀರಿ?” ಎಂದು ರೋಗಿಗಳು ಬೇಸರಪಡುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸ್ವಲ್ಪ ಉದ್ದವಿದೆ.

ಆಸ್ಪತ್ರೆಯ ಕಂಪ್ಯೂಟರ್ ಎಂದರೆ ಒಂದೇ ಪೆಟ್ಟಿಗೆಯಲ್ಲ. ನೋಂದಣಿ, ಪ್ರಯೋಗಾಲಯ, ಎಕ್ಸ್-ರೇ, ಔಷಧಾಲಯ, ಬಿಲ್ಲು, ಇವೆಲ್ಲ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಂಪನಿಗಳಿಂದ ಬಂದ ವ್ಯವಸ್ಥೆಗಳಾಗಿರುವುದೇ ಹೆಚ್ಚು. ಅವುಗಳನ್ನು ಒಂದಕ್ಕೊಂದು ಜೋಡಿಸುವುದು ನಿಮ್ಮ ನೋಂದಣಿ ಸಂಖ್ಯೆ. ಹಳೆಯ ಚೀಟಿಯನ್ನು ಮನೆಯಲ್ಲೇ ಬಿಟ್ಟು ಹೊಸದು ಮಾಡಿಸಿದರೆ ಕಂಪ್ಯೂಟರಿನ ಪಾಲಿಗೆ ನೀವು ಹೊಸಬರು. ಆಧಾರ್‌ನಲ್ಲಿ ಗಂಗಮ್ಮ, ಪಡಿತರ ಚೀಟಿಯಲ್ಲಿ ಗಂಗಮ್ಮ ಶಿವಣ್ಣ, ಹಳೆಯ ಕಡತದಲ್ಲಿ ಎಸ್. ಗಂಗಾಂಬಿಕೆ ಎಂದಿದ್ದರೆ ಮೂವರೂ ಒಬ್ಬರೇ ಎಂದು ಮನೆಯವರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಹೀಗೆ ಕಡತ ಎರಡಾದಾಗ, ಹಳೆಯದರಲ್ಲಿ ಬರೆದಿದ್ದ “ಪೆನಿಸಿಲಿನ್ ಅಲರ್ಜಿ” ಎಂಬ ಮಾತು ಹೊಸದರಲ್ಲಿ ಇರುವುದಿಲ್ಲ. ಅಂಥವರಿಗೆ ಆ ಇಂಜೆಕ್ಷನ್ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಕುತ್ತು ಬರಬಹುದು.

ಇದಕ್ಕೆ ತದ್ವಿರುದ್ಧವಾದ ಅಪಾಯವೂ ಇದೆ. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಇಬ್ಬರು ಬಸವರಾಜು ಇರುವುದು ಅಪರೂಪವಲ್ಲ. ರೋಗಿಯ ಗುರುತನ್ನು ಖಚಿತಪಡಿಸಿಕೊಳ್ಳಲು ಕನಿಷ್ಠ ಎರಡು ವಿವರಗಳನ್ನು ನೋಡಬೇಕು, ಕೋಣೆಯ ಸಂಖ್ಯೆಯನ್ನು ನಂಬಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಸೂಚಿಸಿದೆ. “ನೀವು ಬಸವರಾಜು ತಾನೆ?” ಎಂದು ಕೇಳಬೇಡಿ, “ನಿಮ್ಮ ಹೆಸರೇನು?” ಎಂದು ಕೇಳಿ ಎಂದು ನಮ್ಮ ವಿದ್ಯಾರ್ಥಿನಿಯರಿಗೆ ಹೇಳಿಕೊಡುತ್ತೇವೆ. ಕಿವಿ ಮಂದವಾದವರು, ಮಂಪರಿನಲ್ಲಿರುವವರು ಯಾರ ಹೆಸರಿಗಾದರೂ “ಹೂಂ” ಎಂದುಬಿಡುತ್ತಾರೆ.

ತ್ಯಾಗರಾಜನಗರ, ಬಸವನಗುಡಿ ಕಡೆಯ ಹಿರಿಯರಲ್ಲಿ ಅನೇಕರು ಮಕ್ಕಳ ಮನೆಗೆಂದು ವಿದೇಶಕ್ಕೆ ಹೋಗಿಬರುತ್ತಾರೆ. ಇಂಗ್ಲೆಂಡಿನ ರಿಪೋರ್ಟಿನಲ್ಲಿ ರಕ್ತದ ಸಕ್ಕರೆ 7 ಎಂದು ಕಂಡು ಗಾಬರಿಯಾಗಬೇಡಿ. ಅಲ್ಲಿಯ ಅಳತೆಯೇ ಬೇರೆ, ಆ 7 ನಮ್ಮ ಲೆಕ್ಕದಲ್ಲಿ 126. ಅಮೆರಿಕದಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ. ಅಲ್ಲಿಯ 05/03 ಎಂದರೆ ಮೇ 3, ಮಾರ್ಚ್ 5 ಅಲ್ಲ. ಇಂಥ ರಿಪೋರ್ಟುಗಳನ್ನು ಬಾಯಲ್ಲಿ ಹೇಳದೆ ಕಾಗದವನ್ನೇ ವೈದ್ಯರಿಗೆ ತೋರಿಸಿ.

ಎಲ್ಲಾ ಆಸ್ಪತ್ರೆಗಳ ದಾಖಲೆಗಳನ್ನೂ ಜೋಡಿಸಲು ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರಂಭಿಸಿತು. ಅದರಲ್ಲಿ ಸಿಗುವ 14 ಅಂಕಿಗಳ ಸಂಖ್ಯೆಯೇ ಆಭಾ. ಇದನ್ನು ಉಚಿತ ಚಿಕಿತ್ಸೆಯ ಕಾರ್ಡೆಂದು ತಿಳಿದು ಬಿಲ್ ಕೌಂಟರಿನಲ್ಲಿ ಹಿಡಿದು ನಿಲ್ಲುವವರಿದ್ದಾರೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡೇ ಬೇರೆ, ಆಭಾದಿಂದ ಹಣ ಬರುವುದಿಲ್ಲ. ಅದನ್ನು ಮಾಡಿಸಲೇಬೇಕೆಂಬ ಬಲವಂತವಿಲ್ಲ. ದಾಖಲೆಗಳು ಆಯಾ ಆಸ್ಪತ್ರೆಯಲ್ಲೇ ಇರುತ್ತವೆ, ನೀವು ಒಪ್ಪಿಗೆ ಕೊಟ್ಟರೆ ಮಾತ್ರ ಇನ್ನೊಬ್ಬ ವೈದ್ಯರು ನೋಡಬಹುದು. ಆದರೆ ಕಾಗದದಲ್ಲಿರುವ ಹಳೆಯ ರಿಪೋರ್ಟುಗಳು ತಾವಾಗಿಯೇ ಅದರೊಳಗೆ ಹೋಗಿ ಕೂರುವುದಿಲ್ಲ. ಫೈಲನ್ನು ಎಸೆಯಬೇಡಿ.

ಫೈಲು ಇರಬೇಕಾದ್ದಕ್ಕೆ ಇನ್ನೊಂದು ಕಾರಣವೂ ಇದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿ ನಡೆದು, ದಾಖಲೆಗಳನ್ನು ತೆರೆಯಲಾಗದಂತೆ ಬೀಗ ಹಾಕಲಾಯಿತು. ದೇಶದ ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ನೋಂದಣಿ, ಬಿಲ್ಲು, ಪ್ರಯೋಗಾಲಯದ ಕೆಲಸಗಳು ಹಲವು ದಿನ ಕೈಬರಹದಲ್ಲಿ ನಡೆದವು. ಅಂಥ ದಿನ ಕೈಯಲ್ಲಿ ಹಳೆಯ ಡಿಸ್ಚಾರ್ಜ್ ಸಮ್ಮರಿ ಇದ್ದವರ ವಿಷಯ ವೈದ್ಯರಿಗೆ ಬೇಗ ತಿಳಿಯುತ್ತದೆ.

ಹೊರಗಿನ ಕಳ್ಳರಿಗಿಂತ ಹತ್ತಿರದ ಕುತೂಹಲವೇ ಎಷ್ಟೋ ಸಲ ಹೆಚ್ಚು ನೋವು ಕೊಡುತ್ತದೆ. ಕ್ಷಯ, ಮಾನಸಿಕ ಕಾಯಿಲೆ, ಗರ್ಭಪಾತ, ಇಂಥ ಸಂಗತಿ ಹೊರಬಿದ್ದರೆ ಮನೆಯ ಮದುವೆ ಮಾತುಕತೆಗಳೇ ನಿಂತುಹೋಗುತ್ತವೆ. ಎಚ್‌ಐವಿ ಇರುವವರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸದಂತೆ 2017ರ ಕಾಯಿದೆಯೇ ರಕ್ಷಣೆ ಕೊಡುತ್ತದೆ. ಹೀಗಿರುವಾಗ ನೋಡಲು ಬಂದವರು ಹಾಸಿಗೆಯ ಬಳಿಯ ಚಾರ್ಟಿನ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದನ್ನು ಏನೆನ್ನಬೇಕು? ಸಿಬ್ಬಂದಿಗೂ ಇದೇ ನಿಯಮ: ಚಿಕಿತ್ಸೆಗೆ ಸಂಬಂಧವಿಲ್ಲದವರು ಕಡತ ತೆರೆಯುವಂತಿಲ್ಲ, ಒಬ್ಬರ ಪಾಸ್‌ವರ್ಡನ್ನು ಇನ್ನೊಬ್ಬರು ಬಳಸುವಂತಿಲ್ಲ.

“ಆಸ್ಪತ್ರೆಯಿಂದ ಮಾತನಾಡುತ್ತಿದ್ದೇವೆ, ಓಟಿಪಿ ಹೇಳಿ” ಎಂದು ಫೋನ್ ಬಂದರೆ ಹೇಳಬೇಡಿ. ವೈದ್ಯರ ಭೇಟಿಗೆಂದು ಮೊಬೈಲಿಗೆ ಕಳಿಸಿದ ಲಿಂಕನ್ನೂ ಒತ್ತಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ.

ಒಳರೋಗಿಗಳ ದಾಖಲೆಗಳನ್ನು ವೈದ್ಯರು 3 ವರ್ಷ ಇಟ್ಟಿರಬೇಕು, ರೋಗಿ ಅಥವಾ ಅವರು ಒಪ್ಪಿಗೆ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಮನೆಗೆ ಹೊರಡುವ ಮೊದಲೇ ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೆಸರು, ವಯಸ್ಸು, ಅಲರ್ಜಿ ಸರಿಯಾಗಿವೆಯೇ ಎಂದು ಓದಿಸಿಕೊಳ್ಳಿ. ತಪ್ಪಿದ್ದರೆ ವಾರ್ಡಿನ ಸಿಸ್ಟರಿಗೆ ಆಗಲೇ ಹೇಳಿ.